ಶ್ರೀಶೈಲದ ಕಾಲುನಡಿಗೆಯವರಿಗೆ ಪಾಥೇಯ

(ಶ್ರೀಮಠದ ಸುವರ್ಣಮಹೋತ್ಸವದ ಅಂಗವಾಗಿ ನೆರೆದ ಪಾದಯಾತ್ರಿಕರ ಸಭೆಯಲ್ಲಿ ಮಾಡಿದ ಉಪನ್ಯಾಸ)

 

ಈ ಮಹೋತ್ಸವದ ಸಭೆಗಳಲ್ಲಿ ಷಟ್‌ಸ್ಥಲವನ್ನು ಕುರಿತೂ ಅಷ್ಟಾವರಣವನ್ನು ಕುರಿತೂ ಶರಣರ ಚರಿತ್ರೆಗಳನ್ನು ಕುರಿತೂ ವಿದ್ವಾಂಸರು ಮಾತನಾಡಿರುವರು. ನನ್ನ ಪಾಲಿಗೆ ಬಂದ ವಿಷಯವು ಅವುಗಳ ಮುಂದೆ ಬಹು ಸಣ್ಣದಾಗಿ ತೋರಬಹುದು. ಯುಗಾದಿಗೆ ಶ್ರೀಶೈಲಕ್ಕೆ ಕಾಲುನಡಿಗೆಯಿಂದ ಹೋಗುವ ಭಕ್ತರು ತಮ್ಮೊಡನೆ ಏನನ್ನು ಒಯ್ಯಬೇಕು, ಅದನ್ನು ಅಲ್ಪವೆಚ್ಚದಲ್ಲಿ ಹೇಗೆ ಒದಗಿಸಿಕೊಳ್ಳಬೇಕು ಎಂಬುದೇ ಆ ವಿಷಯವು. ಪಾದರಕ್ಷೆ, ಚೀಲ, ಕಂಬಳಿ, ನೀರಿನ ಪಾತ್ರೆ ಇವುಗಳ ಮಾತು ಮಠದ ಸಭೆಗೆ ಒಪ್ಪುವುದೆ ಎಂದು ಯಾರಾದರೂ ಕೇಳಿದರೆ, ಒಪ್ಪುವುದೆಂದೇ ನನ್ನ ಬಿನ್ನಹ.

ಅದೇಕೆಂದರೆ, ಯಾತ್ರೆಯ ಕಾಲವು ಸಮೀಪಿಸಿದಾಗ ನಮ್ಮ ಊರುಗಳಲ್ಲಿ ಮೂರು ಬಗೆಯ ಭಕ್ತರು ಕಾಣಬರುವರು. ಸಾಮಾನು ಕೊಳ್ಳಲು ಹಣವಿಲ್ಲವೆಂದು ಹೋಗುವ ಆಸೆಯನ್ನು ಮನಸ್ಸಿನಲ್ಲಿಯೇ ಅಡಗಿಸಿಕೊಂಡು ಮನೆಯಲ್ಲಿ ಉಳಿಯುವವರು ಮೊದಲನೆಯವರು. ಬಡ್ಡಿಗೆ ಸಾಲ ತೆಗೆದು, ಪೇಟೆಯ ಅಂಗಡಿಯವನು ಹೇಳಿದುದನ್ನೆಲ್ಲ ಕೊಂಡು ಹೋಗಿ ಬಂದು, ಮುಂದಿನ ಸುಗ್ಗಿಯವರೆಗೂ ಆ ಸಾಲಕ್ಕೆ ದುಡಿಯುವವರು ಎರಡನೆಯವರು. ಏನೂ ಬೇಡವೆಂದು ಸವೆದ ಚಪ್ಪಲಿಯಲ್ಲಿಯೇ ಹೊರಟು, ನಾಲ್ಕನೆಯ ದಿನ ಅಂಗಾಲು ಒಡೆದು, ಕಣ್ಣೀರು ಸುರಿಸುತ್ತ ಬಸ್ಸು ಹತ್ತಿ ಹಿಂದಿರುಗುವವರು ಮೂರನೆಯವರು. ಈ ಮೂವರಲ್ಲಿ ಯಾರಿಗೂ ಭಕ್ತಿಯ ಕೊರತೆಯಿಲ್ಲ. ಕೊರತೆಯಿರುವುದು ಸಿದ್ಧತೆಯಲ್ಲಿ, ಆ ಸಿದ್ಧತೆಗೆ ಹಣಕ್ಕಿಂತ ತಿಳಿವಳಿಕೆಯೂ ಪರಸ್ಪರ ಸಹಾಯವೂ ಹೆಚ್ಚಾಗಿ ಬೇಕು. ಇದನ್ನು ತೋರಿಸಿಕೊಡುವುದೇ ಈ ಉಪನ್ಯಾಸದ ಉದ್ದೇಶವು.

ಮೊದಲು ದಾರಿಯ ಸ್ವರೂಪವನ್ನು ಅರಿಯೋಣ. ಶ್ರೀಶೈಲದ ಮಲ್ಲಿಕಾರ್ಜುನನು ದ್ವಾದಶ ಜ್ಯೋತಿರ್ಲಿಂಗಗಳಲ್ಲಿ ಒಬ್ಬನೆಂದು ಭರತಖಂಡವೆಲ್ಲ ಬಲ್ಲದು. ಆದರೆ ನಮ್ಮ ಬಾಗಲಕೋಟೆ, ವಿಜಯಪುರ, ಬೆಳಗಾವಿ, ರಾಯಚೂರು ಸೀಮೆಗಳ ಮನೆಮನೆಯಲ್ಲಿ ಅವನು ಮಲ್ಲಯ್ಯನೇ. ಭ್ರಮರಾಂಬೆಯು ನಮ್ಮ ಕಡೆಯ ಮನೆಮಗಳು, ಮಲ್ಲಯ್ಯನು ಅಳಿಯನು ಎಂಬ ಭಾವದಿಂದ ಹಬ್ಬಕ್ಕೆ ಸೀರೆ ಕುಪ್ಪಸಗಳನ್ನು ಒಯ್ಯುವ ರೂಢಿಯು ಇಂದಿಗೂ ಉಂಟು. ಕಂಬಿಯನ್ನು ಹೆಗಲಮೇಲೆ ಹೊತ್ತು, ಮಲ್ಲಯ್ಯನಿಗೆ ಉಘೇ ಎನ್ನುತ್ತ ಹೊರಡುವ ಈ ಜನಸಮೂಹಕ್ಕೆ ಬಾಗಲಕೋಟೆಯ ಕಡೆಯಿಂದ ಸುಮಾರು 400 ಕಿಲೋಮೀಟರುಗಳ ದಾರಿಯಾಗುವುದು. ಬೆಳಗಾವಿಯ ಕಡೆಯಿಂದ ಇನ್ನೂ ಹೆಚ್ಚು. ದಿನಕ್ಕೆ 30 ಕಿಲೋಮೀಟರಿನಂತೆ ನಡೆದರೆ ಹದಿಮೂರು ಹದಿನಾಲ್ಕು ದಿನಗಳು ಬೇಕು. ಹೋಳಿ ಹುಣ್ಣಿಮೆಯಿಂದ ಯುಗಾದಿಗೆ ಹದಿನೈದು ದಿನಗಳಾದುದರಿಂದ ಹಲವರು ಆ ಹುಣ್ಣಿಮೆಯ ಆಸುಪಾಸಿನಲ್ಲಿಯೇ ಹೊರಡುವರು.

ಈ ದಾರಿಯಲ್ಲಿ ಎರಡು ಭಾಗಗಳಿರುವುವು. ಕರ್ನೂಲನ್ನು ದಾಟಿ ಆತ್ಮಕೂರನ್ನು ಮುಟ್ಟುವವರೆಗಿನದು ಬಯಲುನಾಡಿನ ಡಾಂಬರು ರಸ್ತೆ. ಬಿಸಿಲು ಉಗ್ರ, ನೆರಳು ವಿರಳ, ಆದರೆ ಊರುಗಳು ಹತ್ತಿರ. ಆತ್ಮಕೂರಿನ ಆಚೆಗೆ ವೆಂಕಟಾಪುರಂ ಎಂಬ ಊರಿನಿಂದ ನಲ್ಲಮಲೆಯ ಅಡವಿಯು ತೊಡಗುವುದು. ನಾಗಲೂಟಿ, ಪೆದ್ದಚೆರುವು, ಭೀಮುನಿಕೊಲನು, ಕೈಲಾಸದ್ವಾರ ಇವುಗಳ ಮೇಲೆ ಹಾದು ಹೋಗುವ ಈ ಪುರಾತನವಾದ ಕಾಲುದಾರಿಯು ಕಲ್ಲುಕೊರಕಲುಗಳಿಂದಲೂ ಏರಿಳಿತಗಳಿಂದಲೂ ಕೂಡಿದ್ದು, ಸುಮಾರು 40 ಕಿಲೋಮೀಟರಿನಷ್ಟು ಉದ್ದವಾಗಿರುವುದು. ಬಯಲಿನಲ್ಲಿ ಬೇಕಾಗುವ ವಸ್ತು ಬೇರೆ, ಅಡವಿಯಲ್ಲಿ ಬೇಕಾಗುವ ವಸ್ತು ಬೇರೆ. ಎರಡಕ್ಕೂ ಒದಗುವಂಥವನ್ನು ಆರಿಸಿಕೊಂಡವನ ಹೊರೆಯು ಹಗುರವಾಗುವುದು, ಖರ್ಚೂ ಕಡಿಮೆಯಾಗುವುದು.

ಇಲ್ಲಿ ಒಂದು ಆಕ್ಷೇಪವು ಬರಬಹುದು. ಹನ್ನೆರಡನೆಯ ಶತಮಾನದಲ್ಲಿ ಅಕ್ಕಮಹಾದೇವಿಯವರು ಉಡುತಡಿಯಿಂದ ಕಲ್ಯಾಣಕ್ಕೆ, ಕಲ್ಯಾಣದಿಂದ ಶ್ರೀಶೈಲದ ಕದಳಿಗೆ ನಡೆದರಲ್ಲವೆ, ಅವರು ಯಾವ ಸಾಮಾನನ್ನು ಹೊತ್ತಿದ್ದರು ಎಂದು ಕೇಳುವವರುಂಟು. ಅಕ್ಕನ ತ್ಯಾಗವು ಐಕ್ಯಸ್ಥಲಕ್ಕೆ ಏರಿದ ಆತ್ಮದ ಸ್ಥಿತಿ. ಅದು ನಮಗೆ ವಂದ್ಯ. ನಾವಾದರೋ ಹೆಂಡಿರು ಮಕ್ಕಳನ್ನು, ಹೊಲ ದನಗಳನ್ನು ಬಿಟ್ಟು ಹದಿನೈದು ದಿನಗಳ ಮಟ್ಟಿಗೆ ಹೋಗಿ ಮರಳಿ ಕಾಯಕಕ್ಕೆ ಸೇರಬೇಕಾದ ಗೃಹಸ್ಥರು. ಕಾಲನ್ನು ಕೆಡಿಸಿಕೊಂಡು ಬಂದ ರೈತನು ಮುಂಗಾರಿಗೆ ಹೊಲವನ್ನು ಹದಮಾಡುವುದೆಂತು? ದೇಹವನ್ನು ದೇವಾಲಯವೆಂದು ಬಗೆದ ಧರ್ಮದಲ್ಲಿ ಆ ದೇವಾಲಯವನ್ನು ಅಲಕ್ಷ್ಯಮಾಡುವುದು ವೈರಾಗ್ಯವಲ್ಲ. ಸೊನ್ನಲಿಗೆಯ ಸಿದ್ಧರಾಮನು ಬಾಲ್ಯದಲ್ಲಿ ಮಲ್ಲಯ್ಯನನ್ನು ಹುಡುಕುತ್ತ ಬರಿಗೈಯಲ್ಲಿ ಶ್ರೀಶೈಲಕ್ಕೆ ಹೊರಟ ಕಥೆಯನ್ನು ರಾಘವಾಂಕನು ಸಿದ್ಧರಾಮಚರಿತ್ರೆಯಲ್ಲಿ ಹೇಳಿರುವನು. ಆ ಬಾಲಕನು ಹೋದುದಾದರೂ ಯಾತ್ರಿಕರ ಜೊತೆಯಲ್ಲಿಯೇ. ಬರಿಗೈಯವನನ್ನು ಕೈಬಿಡದೆ ಕರೆದೊಯ್ಯುವುದು ನಮ್ಮ ಯಾತ್ರೆಗಳ ಹಳೆಯ ಧರ್ಮ. ಈ ಮಾತನ್ನು ಮನಸ್ಸಿನಲ್ಲಿಡಿರಿ. ಕೊನೆಯಲ್ಲಿ ಇದರ ಉಪಯೋಗವಿದೆ.

ಇನ್ನು ನಮ್ಮ ಶರಣರ ಹೆಸರುಗಳನ್ನು ಒಮ್ಮೆ ನೆನೆಯಿರಿ. ಪಾದರಕ್ಷೆಗೆ ಹರಳಯ್ಯ, ಬಟ್ಟೆಗೆ ಜೇಡರ ದಾಸಿಮಯ್ಯ, ಹಗ್ಗಕ್ಕೆ ನುಲಿಯ ಚಂದಯ್ಯ, ಬಿದಿರಿಗೆ ಮೇದರ ಕೇತಯ್ಯ, ಹೊಲಿಗೆಗೆ ಸೂಜಿಕಾಯಕದ ರಾಮಿತಂದೆ, ಕೊಡೆಗೆ ಸತ್ತಿಗೆ ಕಾಯಕದ ಮಾರಿತಂದೆ, ಔಷಧಕ್ಕೆ ವೈದ್ಯ ಸಂಗಣ್ಣ, ಶುಭ್ರತೆಗೆ ಮಡಿವಾಳ ಮಾಚಯ್ಯ. ಯಾತ್ರಿಕನ ಗಂಟಿನಲ್ಲಿರುವ ಪ್ರತಿಯೊಂದು ವಸ್ತುವಿನ ಹಿಂದೆಯೂ ಒಬ್ಬ ಶರಣನ ಕಾಯಕವಿರುವುದು. ಆದುದರಿಂದ ಈ ವಸ್ತುಗಳ ವಿಚಾರವು ಕೇವಲ ಲೌಕಿಕವೆಂದು ತಿರಸ್ಕರಿಸತಕ್ಕದ್ದಲ್ಲ. ಅಗ್ಗವಾಗಿ ಕೊಳ್ಳುವುದೆಂದರೆ ಮಾಡಿದವನ ಕೂಲಿಯನ್ನು ಕಿತ್ತುಕೊಳ್ಳುವುದೆಂದೂ ಅರ್ಥವಲ್ಲ. ಬೇಡದುದನ್ನು ಕೊಳ್ಳದಿರುವುದು, ಇದ್ದುದನ್ನು ದುರಸ್ತಿ ಮಾಡಿಕೊಳ್ಳುವುದು, ಇಲ್ಲದುದನ್ನು ಹಂಚಿಕೊಳ್ಳುವುದು, ಕೊಳ್ಳಲೇಬೇಕಾದುದನ್ನು ಮಾಡುವವನಿಂದಲೇ ಕೊಳ್ಳುವುದು, ಈ ನಾಲ್ಕೇ ಮಿತವ್ಯಯದ ಮಾರ್ಗಗಳು.

ಮೊದಲನೆಯದಾಗಿ ಪಾದಗಳು. ನಿಮ್ಮಲ್ಲಿ ಖರ್ಚಿಗೆ ಒಂದೇ ರೂಪಾಯಿ ಇದ್ದರೆ ಅದರ ಎಂಟಾಣೆಯನ್ನು ಕಾಲಿಗೆ ವ್ಯಯಮಾಡಿರಿ. ಹೆಜ್ಜೆಗೆ ಮುಕ್ಕಾಲು ಮೀಟರು ಹಿಡಿದರೆ ದಿನಕ್ಕೆ 40,000 ಹೆಜ್ಜೆಗಳಾಗುವುವು. ಹಿಮ್ಮಡಿಗೆ ಪಟ್ಟಿಯಿಲ್ಲದ ಹವಾಯಿ ಚಪ್ಪಲಿಯನ್ನು ಬೆರಳುಗಳಿಂದ ಬಿಗಿಹಿಡಿದುಕೊಂಡು ಇಷ್ಟು ಹೆಜ್ಜೆಗಳನ್ನು ಇಡುವುದರಿಂದಲೇ ಬೆರಳ ಸಂದುಗಳು ಕಿತ್ತು, ಮೀನಖಂಡಗಳು ಸೆಳೆದು ನೋಯುವುವು. ಬೆಲೆಬಾಳುವ ಬೂಟುಗಳೇ ಬೇಕೆಂಬ ನಿಯಮವಿಲ್ಲ. ಸಂತೆಯಲ್ಲಿ 500 ರೂಪಾಯಿಯ ಒಳಗೆ ದೊರೆಯುವ ಕ್ಯಾನ್ವಾಸ್ ಬೂಟಾಗಲಿ, ಹಿಮ್ಮಡಿಗೆ ಪಟ್ಟಿಯುಳ್ಳ ಸ್ಯಾಂಡಲ್ ಆಗಲಿ, ನಮ್ಮ ರೈತರು ಹೊಲದಲ್ಲಿ ಮೆಡುವ ಟಾಯರಿನ ಅಡಿಯ ಚಪ್ಪಲಿಗೆ ಚಮ್ಮಾರರಿಂದ ಹಿಮ್ಮಡಿಪಟ್ಟಿ ಹೊಲಿಸಿದುದಾಗಲಿ ಸಾಕಾಗುವುದು. ಅಥಣಿ, ನಿಪ್ಪಾಣಿಗಳ ಚರ್ಮದ ಪಾದರಕ್ಷೆಗಳು ನಮ್ಮ ನಾಡಿನ ಹೆಮ್ಮೆಯಾದುವು. 2019ರಲ್ಲಿ ಕೊಲ್ಹಾಪುರಿ ಪಾದರಕ್ಷೆಗೆ ಭೌಗೋಳಿಕ ಗುರುತಿನ ಮಾನ್ಯತೆ ದೊರೆತಾಗ ಬೆಳಗಾವಿ, ಬಾಗಲಕೋಟೆ, ವಿಜಯಪುರ, ಧಾರವಾಡ ಜಿಲ್ಲೆಗಳೂ ಅದರಲ್ಲಿ ಸೇರಿದುವು. ಅಂಥ ಜೋಡನ್ನು ಮೆಡುವವರು ಹರಳೆಣ್ಣೆಯಿಂದ ಅದನ್ನು ಮೆದುಮಾಡಿಕೊಳ್ಳಬೇಕು. ಕಲ್ಲುದಾರಿಯ ಅಡವಿಗೆ ಮಾತ್ರ ಬೆರಳುಗಳನ್ನು ಮುಚ್ಚುವ ಬೂಟೇ ಲೇಸು.

ಯಾವುದನ್ನೇ ಕೊಂಡರೂ ಮೂರು ನಿಯಮಗಳನ್ನು ಮೀರಬಾರದು. ಸಾಯಂಕಾಲದಲ್ಲಿ, ಕಾಲು ತುಸು ಊದಿರುವಾಗ, ಅಳತೆ ನೋಡಿ ಕೊಳ್ಳಬೇಕು. ಬೂಟಾದರೆ ಬೆರಳುಗಳ ಮುಂದೆ ಒಂದು ಹೆಬ್ಬೆರಳಿನ ಅಗಲದಷ್ಟು ಎಡೆ ಉಳಿಯಬೇಕು. ಹೊರಡುವ ಒಂದು ತಿಂಗಳು ಮೊದಲೇ ಕೊಂಡು ಹೊಲಕ್ಕೂ ಸಂತೆಗೂ ಅದರಲ್ಲಿಯೇ ನಡೆದು ಕಾಲಿಗೆ ಒಗ್ಗಿಸಿಕೊಳ್ಳಬೇಕು. ಹೊಸ ಜೋಡಿನಲ್ಲಿ ಯಾತ್ರೆಗೆ ಹೊರಡುವುದಕ್ಕಿಂತ ಹಳೆಯದರಲ್ಲಿ ಹೊರಡುವುದೇ ವಾಸಿ. ಕಾಲುಚೀಲಗಳು ಎರಡು ಜೊತೆ ಇರಬೇಕು. ಒಂದನ್ನು ಒಗೆದು ಬೆನ್ನಚೀಲದ ಮೇಲೆ ಒಣಗಲು ಕಟ್ಟಿ, ಇನ್ನೊಂದನ್ನು ತೊಡಬೇಕು. ಬೆವರಿನಿಂದ ಒದ್ದೆಯಾದ ಕಾಲೇ ಬೊಬ್ಬೆಗೆ ಮೂಲವಾದುದರಿಂದ, ಪ್ರತಿ ಎರಡು ತಾಸಿಗೊಮ್ಮೆ ಕುಳಿತು ಪಾದಗಳನ್ನು ಗಾಳಿಗೆ ಒಡ್ಡಬೇಕು. ಒಂದು ಎಡೆಯಲ್ಲಿ ಉರಿ ತೋರಿದ ಕೂಡಲೆ ಅಲ್ಲಿಗೆ ಅಂಟುಪಟ್ಟಿಯನ್ನು ಹಾಕಬೇಕು. ಬೊಬ್ಬೆ ಎದ್ದಮೇಲೆ ಅದರ ಚರ್ಮವನ್ನು ಕೀಳಬಾರದು.

ಬರಿಗಾಲಿನಿಂದ ಬರುವೆನೆಂದು ಹರಕೆ ಹೊತ್ತವರಿಗೆ ಒಂದು ಮಾತು. ಹರಕೆಯನ್ನು ಹಗುರಮಾಡುವ ಅಧಿಕಾರವು ನನಗಿಲ್ಲ. ಹೊರಡುವ ಮೊದಲು ಗುರುಗಳ ಅಪ್ಪಣೆಯನ್ನು ಕೇಳಿಕೊಳ್ಳಿರಿ. ಆದರೆ ಮಧುಮೇಹವುಳ್ಳವರು ಬರಿಗಾಲಿನಲ್ಲಿ ನಡೆಯಲೇಬಾರದೆಂದು ವೈದ್ಯರು ಹೇಳುವರು. ಅವರ ಪಾದಗಳಿಗೆ ನೋವಿನ ಅರಿವು ಕಡಿಮೆಯಾಗಿ, ಗಾಯವು ಕಣ್ಣಿಗೆ ಬೀಳುವ ಮುನ್ನವೇ ಕೀವುಗಟ್ಟಿ, ಕಾಲನ್ನೇ ಕಳೆದುಕೊಳ್ಳುವ ಭಯವಿರುವುದು. ಅಂಥವರು ದಿನವೂ ರಾತ್ರಿ ದೀಪದ ಬೆಳಕಿನಲ್ಲಿ ಅಂಗಾಲನ್ನು ಇನ್ನೊಬ್ಬರಿಂದ ಪರೀಕ್ಷೆ ಮಾಡಿಸಿಕೊಳ್ಳತಕ್ಕದ್ದು. ಪಾದರಕ್ಷೆಯನ್ನು ಮೆಟ್ಟುವುದರಿಂದ ಭಕ್ತಿಯು ಕುಂದುವುದೆಂಬ ಭಾವನೆಯು ನಮ್ಮ ಪರಂಪರೆಗೆ ಸಲ್ಲದು. ಹರಳಯ್ಯನೂ ಅವನ ಮಡದಿ ಕಲ್ಯಾಣಮ್ಮನೂ ತಮ್ಮ ತೊಡೆಯ ಚರ್ಮದಿಂದ ಬಸವಣ್ಣನವರಿಗೆ ಪಾದರಕ್ಷೆಗಳನ್ನು ಮಾಡಿ ತಂದರೆಂಬುದೂ, ಬಸವಣ್ಣನವರು ಅವನ್ನು ಕಾಲಿಗೆ ಮೆಡದೆ ತಲೆಯ ಮೇಲಿರಿಸಿಕೊಂಡರೆಂಬುದೂ ನಮ್ಮ ಹಿರಿಯರು ಹೇಳುತ್ತ ಬಂದ ಕಥೆ. ಇಷ್ಟು ಗೌರವವನ್ನು ಪಾದರಕ್ಷೆಗೆ ಸಲ್ಲಿಸಿದ ಸಮಾಜ ಮತ್ತೊಂದಿರಲಾರದು.

ಎರಡನೆಯದು ನೀರು. ಯುಗಾದಿಯ ಮುಂಚಿನ ದಿನಗಳಲ್ಲಿ ರಾಯಚೂರು ಕರ್ನೂಲು ಸೀಮೆಗಳ ಬಿಸಿಲು 40 ಡಿಗ್ರಿಯನ್ನು ಮುಟ್ಟುವುದುಂಟು. ಬೆಳಗಿನ ಒಂಬತ್ತರೊಳಗೆ ಮೊದಲ ನಡಿಗೆಯನ್ನು ಮುಗಿಸಿ, ಸಂಜೆ ನಾಲ್ಕರ ತನಕ ನೆರಳಿನಲ್ಲಿ ತಂಗುವುದೇ ಬಿಸಿಲಿಗೆ ತಕ್ಕ ಮೊದಲನೆಯ ರಕ್ಷೆ. ಅದಕ್ಕೆ ದುಡ್ಡು ಬೇಡ. ದಿನಕ್ಕೆ ನಾಲ್ಕು ಬಾಟಲಿ ನೀರನ್ನು, ಬಾಟಲಿಯೊಂದಕ್ಕೆ 20 ರೂಪಾಯಿಯಂತೆ, ಹದಿನಾಲ್ಕು ದಿನ ಕೊಂಡು ಕುಡಿದರೆ 1,120 ರೂಪಾಯಿಗಳಾಗುವುವು. ಅದಕ್ಕಿಂತ ಬಹಳ ಕಡಿಮೆ ಬೆಲೆಗೆ ಒಂದು ಲೀಟರಿನ ಎರಡು ಉಕ್ಕಿನ ಬಾಟಲಿಗಳನ್ನು ಕೊಂಡರೆ ಅವು ಹತ್ತು ವರ್ಷ ಬಾಳುವುವು. ಅವುಗಳ ಸುತ್ತ ಒದ್ದೆಯ ಹಳೆಯ ಬಟ್ಟೆಯನ್ನು ಸುತ್ತಿದರೆ, ಬಟ್ಟೆಯ ನೀರು ಆರುತ್ತ ಒಳಗಿನ ನೀರನ್ನು ತಂಪಾಗಿಡುವುದು. ದಾರಿಯ ಊರುಗಳಲ್ಲಿ ದಾಸೋಹಿಗಳು ಅನ್ನ, ಮಜ್ಜಿಗೆ, ನೀರುಗಳನ್ನು ಧಾರಾಳವಾಗಿ ಕೊಡುವರು. ಪಾತ್ರೆಯನ್ನು ತುಂಬಿಸಿಕೊಳ್ಳಲು ಸಂಕೋಚ ಬೇಡ. ಬೆವರಿನೊಡನೆ ಉಪ್ಪೂ ಹೋಗುವುದರಿಂದ ಬರಿಯ ನೀರು ಸಾಲದು. ಒಂದು ಲೀಟರು ಶುದ್ಧವಾದ ನೀರಿಗೆ ಸಮವಾದ ಆರು ಸಣ್ಣ ಚಮಚ ಸಕ್ಕರೆ, ಅರ್ಧ ಸಣ್ಣ ಚಮಚ ಉಪ್ಪು, ಈ ಪ್ರಮಾಣವು ಜಗತ್ತಿನ ವೈದ್ಯರೆಲ್ಲರೂ ಒಪ್ಪಿದ್ದು. ತಲೆತಿರುಗಿ ವಾಂತಿಯಾಗಿ, ಮಾತು ತೊದಲುವಂತಾದರೆ ಅದು ಬಿಸಿಲಿನ ಹೊಡೆತವೆಂದರಿತು, ಅವರನ್ನು ನೆರಳಿಗೆ ತಂದು ಮೈಗೆ ನೀರು ಚಿಮುಕಿಸಿ ಗಾಳಿ ಹಾಕುತ್ತ ತಡಮಾಡದೆ ಆಸ್ಪತ್ರೆಗೆ ಸಾಗಿಸಬೇಕು. ಪ್ರಜ್ಞೆ ಇಲ್ಲದವರ ಬಾಯಿಗೆ ನೀರು ಹೊಯ್ಯಬಾರದು.

ಮೂರನೆಯದು ಹೊದಿಕೆ ಉಡಿಗೆಗಳು. ಹತ್ತಿಯ ಬಿಳಿಯ ಧೋತರ, ಸಡಿಲವಾದ ಅಂಗಿ, ತಲೆಗೆ ರುಮಾಲು, ಇವು ನಮ್ಮ ಹಿರಿಯರು ಈ ಬಿಸಿಲಿಗಾಗಿಯೇ ಕಂಡುಕೊಂಡ ಉಡುಪುಗಳು. ಹೊಸದನ್ನು ಕೊಳ್ಳುವುದು ಅನಾವಶ್ಯಕ. ಮೈಗೆ ಒಗ್ಗಿದ ಹಳೆಯ ಬಟ್ಟೆಯು ತೊಡೆಯ ಸಂದಿಯನ್ನು ಉಜ್ಜುವುದಿಲ್ಲ. ತಾಯಂದಿರು ಸೀರೆಯ ಒಳಗೆ ಮೊಣಕಾಲಿನವರೆಗೆ ಬರುವ ಹತ್ತಿಯ ಚಡ್ಡಿಯನ್ನು ಹೊಲಿಸಿಕೊಂಡರೆ ಬಹಳ ದೂರದ ನಡಿಗೆಯಲ್ಲಿ ತೊಡೆ ಕೆರೆಯದೆ ಉಳಿಯುವುದು. ಒಂದು ಕೊಡೆಯು ಹಗಲಿನಲ್ಲಿ ನೆರಳೂ ಕಾಡಿನ ಇಳಿಜಾರಿನಲ್ಲಿ ಊರುಗೋಲೂ ಆಗುವುದು.

ಕಂಬಳಿಯ ವಿಷಯದಲ್ಲಿ ವಿವೇಚನೆಯು ಬೇಕು. ದಖನಿ ಕುರಿಯ ಉಣ್ಣೆಯಿಂದ ನಮ್ಮ ಕುರುಬ ಬಂಧುಗಳು ನೆಯ್ಯುವ ಕರಿಯ ಕಂಬಳಿಯು ಹಾಸಿಗೆಯಾಗಿ, ಹೊದಿಕೆಯಾಗಿ, ಮಳೆಗೆ ಕೊಪ್ಪೆಯಾಗಿ ಒದಗುವಂಥದು. ಚಳ್ಳಕೆರೆ, ಮೆಡ್ಲೇರಿ ಮೊದಲಾದ ಊರುಗಳು ಇದಕ್ಕೆ ಹೆಸರಾದುವು. ಆದರೆ ಅದರ ತೂಕವು ಹೆಚ್ಚು. ಊರಿನ ತಂಡದೊಡನೆ ಬಂಡಿಯೋ ಟ್ರ್ಯಾಕ್ಟರೋ ಬರುವುದಾದರೆ ಕಂಬಳಿಯನ್ನು ಅದರಲ್ಲಿ ಹಾಕಿರಿ. ಎಲ್ಲವನ್ನೂ ಹೆಗಲಿನಲ್ಲಿಯೇ ಹೊರುವುದಾದರೆ ಈ ಋತುವಿಗೆ ದಪ್ಪನಾದ ಒಂದು ಹತ್ತಿಯ ಚಾದರವೇ ಸಾಕು. ನೆಲದ ತಣ್ಪಿಗೆ ಹಿಂಡಿಯ ಚೀಲಗಳೆರಡನ್ನು ಬಿಚ್ಚಿ ತೊಳೆದು ಜೋಡಿಸಿ ಹೊಲಿದರೆ ಮಲಗಲು ಒಳ್ಳೆಯ ಹಾಸಾಗುವುದು. ಕೀಟನಾಶಕವನ್ನು ತುಂಬಿದ್ದ ಚೀಲವನ್ನು ಮಾತ್ರ ಮುಟ್ಟಬಾರದು. ಮನೆಯ ಹಳೆಯ ಸೀರೆಗಳಿಂದ ತಾಯಂದಿರು ಹೊಲಿಯುವ ಕೌದಿಯೂ ಬಂಡಿಯವರಿಗೆ ಉತ್ತಮ. ಪೇಟೆಯ ಡೇರೆ, ಮಲಗುವ ಚೀಲ ಮುಂತಾದುವುಗಳು ಹಿಮಾಲಯಕ್ಕೆ ಹೋಗುವವರಿಗೆ ಬೇಕಾಗಬಹುದು. ಗುಡಿ, ಶಾಲೆ, ದಾಸೋಹದ ಹಂದರಗಳಲ್ಲಿ ತಂಗುವ ನಮಗೆ ಅವುಗಳ ಹಂಗಿಲ್ಲ.

ನಾಲ್ಕನೆಯದು ಚೀಲ ಮತ್ತು ಭಾರ. ತನ್ನ ಮೈತೂಕದ ಹತ್ತನೆಯ ಒಂದು ಪಾಲಿಗಿಂತ ಹೆಚ್ಚು ಹೊರದಿರುವುದು ಒಳ್ಳೆಯ ಅಳತೆ. 60 ಕಿಲೋಗ್ರಾಮಿನವನಿಗೆ ನೀರೂ ಸೇರಿ 6 ಕಿಲೋಗ್ರಾಮು. ಒಂದೇ ಹೆಗಲಿಗೆ ಜೋತುಬೀಳುವ ಚೀಲವು ಬೆನ್ನನ್ನು ವಕ್ರಮಾಡುವುದು. ಮಕ್ಕಳು ಬಳಸಿ ಬಿಟ್ಟ ಶಾಲೆಯ ಬೆನ್ನಚೀಲಗಳು ಮನೆಮನೆಯಲ್ಲಿ ಬಿದ್ದಿರುವುವು. ಹರಿದ ಪಟ್ಟಿಯನ್ನು ಹೊಲಿಸಿ, ಹೆಗಲಿಗೆ ತಾಗುವಲ್ಲಿ ಹಳೆಯ ಬಟ್ಟೆಯ ಮೆತ್ತೆಯನ್ನು ಕೂಡಿಸಿದರೆ ಅದು ಯಾತ್ರೆಗೆ ಸಾಕಾದುದು. ಬುತ್ತಿಗೆ ಕಟಕ ರೊಟ್ಟಿ, ಶೇಂಗಾ ಚಟ್ನಿ, ಬೆಲ್ಲ ಇವು ಎರಡು ದಿನಗಳ ಮಟ್ಟಿಗೆ ಇದ್ದರೆ ಸಾಕು. ದಾಸೋಹದ ನಾಡಿನಲ್ಲಿ ಹದಿನಾಲ್ಕು ದಿನಗಳ ಅಡಿಗೆಯನ್ನು ಹೊರುವುದು ದಾಸೋಹಿಗಳಲ್ಲಿ ಅವಿಶ್ವಾಸವಿಟ್ಟಂತೆ.

ಐದನೆಯದು ಬೆಳಕು. ಹುಣ್ಣಿಮೆಯ ಮೇಲೆ ಹೊರಟವರಿಗೆ ಮೊದಲ ವಾರದಲ್ಲಿ ನಸುಕಿನ ನಡಿಗೆಗೆ ಚಂದ್ರನ ಬೆಳಕು ದೊರೆಯುವುದು. ಆದರೆ ಕೃಷ್ಣಪಕ್ಷವು ಮುಂದುವರಿದಂತೆ ಬೆಳಕು ಕ್ಷೀಣಿಸಿ, ಅಡವಿಯನ್ನು ಸೇರುವ ಹೊತ್ತಿಗೆ ಅಮಾವಾಸ್ಯೆಯ ಕತ್ತಲೆಯು ಕವಿದಿರುವುದು. ಕಲ್ಲುದಾರಿಯಲ್ಲಿ ಬೆಳಕು ಅತ್ಯಂತ ಅವಶ್ಯವಾದಾಗಲೇ ಚಂದ್ರನಿರುವುದಿಲ್ಲ. ಆದುದರಿಂದ ನಾಲ್ವರಿಗೊಂದು ಟಾರ್ಚಾದರೂ ಇರಲೇಬೇಕು. ಅದನ್ನು ಬಯಲಿನಲ್ಲಿ ಉರಿಸಿ ಮುಗಿಸದೆ ಅಡವಿಗೆ ಉಳಿಸಿಕೊಳ್ಳಬೇಕು. ಡಾಂಬರು ರಸ್ತೆಯಲ್ಲಿ ನಸುಕಿನಲ್ಲಿ ನಡೆಯುವವರಿಗೆ ಮುಖ್ಯವಾದ ಅಪಾಯವು ಲಾರಿಗಳಿಂದ. ವಾಹನದ ದೀಪಕ್ಕೆ ಹೊಳೆಯುವ ಪಟ್ಟಿಯು ಸೈಕಲ್ಲಿನ ಅಂಗಡಿಯಲ್ಲಿ ಕೆಲವೇ ರೂಪಾಯಿಗಳಿಗೆ ದೊರೆಯುವುದು. ಅದನ್ನು ಬೆನ್ನಚೀಲಕ್ಕೂ ಕೋಲಿಗೂ ಕಂಬಿಗೂ ಅಂಟಿಸಿರಿ. ಎದುರಿಗೆ ಬರುವ ವಾಹನವು ಕಾಣುವಂತೆ ರಸ್ತೆಯ ಬಲಮಗ್ಗುಲನ್ನು ಹಿಡಿದು, ಸಾಲಾಗಿ ನಡೆಯಿರಿ. ನಾನು ಹೇಳುವ ವಸ್ತುಗಳೆಲ್ಲದರಲ್ಲಿ ಅತ್ಯಂತ ಅಗ್ಗವಾದುದು ಇದು. ಪ್ರಾಣವನ್ನು ಉಳಿಸುವುದರಲ್ಲಿ ಇದಕ್ಕೆ ಸಮಾನವಾದುದಿಲ್ಲ.

ಆರನೆಯದು ಔಷಧ ಮತ್ತು ಪೂಜಾಸಾಮಗ್ರಿ. ಅಂಟುಪಟ್ಟಿ, ಹತ್ತಿ, ಗಾಯದ ಮುಲಾಮು, ಸಕ್ಕರೆ ಉಪ್ಪಿನ ಪುಡಿಯ ಪೊಟ್ಟಣಗಳು, ತಾವು ನಿತ್ಯ ಸೇವಿಸುವ ಗುಳಿಗೆಗಳು ಹದಿನೈದು ದಿನಗಳಿಗೆ ಸಾಕಾಗುವಷ್ಟು, ಇಷ್ಟೇ. ಇವುಗಳಲ್ಲಿ ಹೆಚ್ಚಿನವು ಜನೌಷಧಿ ಕೇಂದ್ರಗಳಲ್ಲಿ ಕಡಿಮೆ ದರಕ್ಕೆ ದೊರೆಯುವುವು. ರಕ್ತದೊತ್ತಡ, ಮಧುಮೇಹಗಳ ಗುಳಿಗೆಗಳನ್ನು ಯಾತ್ರೆಯ ನೆವದಿಂದ ಬಿಡಬಾರದು. ಇಷ್ಟಲಿಂಗಧಾರಿಗಳು ನೆನಪಿಡಬೇಕಾದ ಇನ್ನೊಂದು ವಿಷಯವಿದೆ. ಎರಡು ವಾರಗಳ ಬೆವರಿನಿಂದಲೂ ಚೀಲದ ಪಟ್ಟಿಯ ಉಜ್ಜಾಟದಿಂದಲೂ ಶಿವದಾರವು ಸವೆದು ಹರಿಯುವ ಸಂಭವವುಂಟು. ಹೊರಡುವ ಮುನ್ನ ಹೊಸ ಶಿವದಾರವನ್ನು ಧರಿಸಿ, ಮತ್ತೊಂದನ್ನು ವಿಭೂತಿಯೊಡನೆ ಗಂಟಿನಲ್ಲಿಟ್ಟುಕೊಳ್ಳಿರಿ. ಚೀಲದ ಪಟ್ಟಿಯನ್ನು ಕರಡಿಗೆಯ ಮೇಲೆ ಬಾರದಂತೆ ಸರಿಸಿ ಕಟ್ಟಿಕೊಳ್ಳಿರಿ.

ಅಡವಿಯ ಮರ್ಯಾದೆಯನ್ನೂ ಇಲ್ಲಿಯೇ ಹೇಳಿಬಿಡುವೆನು. ನಲ್ಲಮಲೆಯ ಈ ಕಾಡು ನಾಗಾರ್ಜುನಸಾಗರ–ಶ್ರೀಶೈಲ ಹುಲಿ ರಕ್ಷಿತಾರಣ್ಯಕ್ಕೆ ಸೇರಿದುದು. 1983ರಿಂದ ಹುಲಿ ಯೋಜನೆಯ ಆಡಳಿತದಲ್ಲಿರುವುದು. ಅರಣ್ಯ ಇಲಾಖೆಯವರು ಅನುಮತಿಸಿದ ದಿನಗಳಲ್ಲಿ, ಅನುಮತಿಸಿದ ದಾರಿಯಲ್ಲಿ ಮಾತ್ರ ನಡೆಯಬೇಕು. ಒಣಗಿದ ಬಿದಿರು ಹುಲ್ಲುಗಳ ಕಾಲವಾದುದರಿಂದ ಒಲೆ ಹೂಡುವುದು, ಬೀಡಿಯ ಕಿಡಿ ಎಸೆಯುವುದು ಮಹಾಪರಾಧ. ಪ್ಲಾಸ್ಟಿಕ್ಕಿನ ಬಾಟಲಿ ಪೊಟ್ಟಣಗಳನ್ನು ಒಳಗೆ ಒಯ್ಯಬಾರದು. ಉಕ್ಕಿನ ಪಾತ್ರೆ, ಬಟ್ಟೆಯ ಚೀಲಗಳನ್ನು ಹೇಳಿದುದಕ್ಕೆ ಮಿತವ್ಯಯದಂತೆಯೇ ಇದೂ ಕಾರಣವು. ಮಲ್ಲಯ್ಯನ ಮನೆಯಂಗಳದಲ್ಲಿ ಕಸ ಚೆಲ್ಲಿ ಅವನ ದರ್ಶನಕ್ಕೆ ಹೋಗುವುದು ಅಳಿಯನ ಮನೆಗೆ ಬಂದ ಬೀಗರಿಗೆ ತಕ್ಕುದಲ್ಲ.

ಇನ್ನು ಮುಖ್ಯವಾದ ಬಿನ್ನಹಕ್ಕೆ ಬರುವೆನು. ಮೇಲೆ ಹೇಳಿದ ವಸ್ತುಗಳಲ್ಲಿ ಪಾದರಕ್ಷೆ, ಕಾಲುಚೀಲ, ಔಷಧಗಳನ್ನು ಬಿಟ್ಟರೆ ಉಳಿದುವೆಲ್ಲವೂ ವರ್ಷಕ್ಕೆ ಹದಿನೈದೇ ದಿನಗಳಲ್ಲಿ ಉಪಯೋಗವಾಗಿ, ಮುನ್ನೂರೈವತ್ತು ದಿನಗಳು ಮೂಲೆಯಲ್ಲಿ ಬಿದ್ದಿರುವುವು. ಒಂದೊಂದು ಮನೆಯಲ್ಲಿಯೂ ಬೇರೆ ಬೇರೆಯಾಗಿ ಇವನ್ನು ಕೊಂಡು ಕೂಡಿಡುವುದು ಯಾವ ಅರ್ಥಶಾಸ್ತ್ರ? ನೆರೆಯ ಮಹಾರಾಷ್ಟ್ರದಲ್ಲಿ ಆಳಂದಿಯಿಂದ ಪಂಢರಪುರಕ್ಕೆ ನಡೆಯುವ ವಾರಕರಿಗಳನ್ನು ನೋಡಿರಿ. ಅವರು ದಿಂಡಿಗಳೆಂಬ ತಂಡಗಳಾಗಿ ಕೂಡಿ, ಹಾಸಿಗೆ, ಅಡಿಗೆಯ ಪಾತ್ರೆ, ಡೇರೆಗಳನ್ನು ತಂಡದ ವಾಹನದಲ್ಲಿ ಹಾಕಿ, ತಾವು ತಾಳ ತಂಬೂರಿಗಳೊಡನೆ ಹಗುರವಾಗಿ ನಡೆಯುವರು. ಒಬ್ಬನಿಗೆ ಭಾರವಾದುದು ನೂರು ಜನರ ನಡುವೆ ಹಂಚಿದಾಗ ಹಗುರವಾಗುವುದೆಂಬುದಕ್ಕೆ ಇದು ಕಣ್ಣೆದುರಿನ ನಿದರ್ಶನ.

ದಾಸೋಹವೆಂಬುದು ಅನ್ನಕ್ಕೆ ಮಾತ್ರ ಸೀಮಿತವಾದುದಲ್ಲ. ಆದುದರಿಂದ ಈ ಸುವರ್ಣಮಹೋತ್ಸವದ ನೆನಪಿಗಾಗಿ ಶ್ರೀಮಠದಲ್ಲಿ ಒಂದು ಯಾತ್ರಾಭಂಡಾರವು ಸ್ಥಾಪಿತವಾಗಲೆಂದು ಪೂಜ್ಯರ ಪಾದಗಳಲ್ಲಿ ಪ್ರಾರ್ಥಿಸುವೆನು. ಅದಕ್ಕೆ ದೊಡ್ಡ ಕಟ್ಟಡವಾಗಲಿ ದೊಡ್ಡ ನಿಧಿಯಾಗಲಿ ಬೇಕಿಲ್ಲ; ಒಂದು ಒಣಗಿದ ಕೋಣೆ, ಒಂದು ಲೆಕ್ಕದ ಪುಸ್ತಕ, ಇಬ್ಬರು ಸೇವಕರು ಸಾಕು. ಮನೆಯಲ್ಲಿ ಸುಮ್ಮನೆ ಬಿದ್ದಿರುವ ಬೆನ್ನಚೀಲ, ಕಂಬಳಿ, ಕೊಡೆ, ಟಾರ್ಚು, ಉಕ್ಕಿನ ಬಾಟಲಿಗಳನ್ನು ಭಕ್ತರು ತಂದೊಪ್ಪಿಸಲಿ. ಹೋಳಿಯ ಮುನ್ನ ಬೇಕಾದವರು ಹೆಸರು ಬರೆಯಿಸಿ ಒಯ್ಯಲಿ. ಯುಗಾದಿ ಕಳೆದು ಬಂದಮೇಲೆ ಮಾಚಯ್ಯನನ್ನು ನೆನೆದು ತೊಳೆದು ಒಣಗಿಸಿ ಹಿಂದಿರುಗಿಸಲಿ. ಕಂಬಳಿಗಳನ್ನು ಬಿಸಿಲಿಗೆ ಹರವಿ ಒಣಗಿದ ಬೇವಿನೆಲೆಯೊಡನೆ ಕಟ್ಟಿಟ್ಟರೆ ನುಸಿಯು ತಾಕುವುದಿಲ್ಲ. ಹರಿದುದನ್ನು ಹೊಲಿಯುವ ಕೆಲಸವನ್ನು ಊರಿನ ತಾಯಂದಿರ ಸಂಘದವರು ವಹಿಸಿಕೊಳ್ಳಬಹುದು.

ಪಾದರಕ್ಷೆಯು ಮಾತ್ರ ಒಬ್ಬನ ಕಾಲಿಗೆ ಒಗ್ಗಿದ್ದು ಇನ್ನೊಬ್ಬನಿಗೆ ಆಗುವುದಿಲ್ಲ. ಅದಕ್ಕಾಗಿ ಸಂಕ್ರಾಂತಿಯ ಹೊತ್ತಿಗೇ ಯಾತ್ರಿಕರ ಅಳತೆಗಳನ್ನು ತೆಗೆದು, ಎಲ್ಲರದನ್ನೂ ಒಟ್ಟಿಗೆ ಸೇರಿಸಿ ನಮ್ಮ ಸೀಮೆಯ ಚರ್ಮಕಾರ ಬಂಧುಗಳಿಗೇ ಹೇಳಿಮಾಡಿಸಬೇಕು. ಮಧ್ಯದ ವ್ಯಾಪಾರಿಯ ಲಾಭವು ಉಳಿದು, ಕೊಳ್ಳುವವನಿಗೂ ಸೋವಿಯಾಗುವುದು, ಮಾಡುವವನಿಗೂ ಪೂರ್ಣವಾದ ಕೂಲಿಯು ಮುಂಗಡವಾಗಿ ದೊರೆಯುವುದು. ಅನುಕೂಲಸ್ಥರು ತಮಗೊಂದು ಜೊತೆ ಕೊಳ್ಳುವಾಗ ಕೊಳ್ಳಲಾರದವನೊಬ್ಬನಿಗೆ ಇನ್ನೊಂದು ಜೊತೆಯ ಹಣವನ್ನು ಸೇರಿಸಲಿ. ಕೊಟ್ಟವರ ಹೆಸರು ಪಡೆದವನಿಗೆ ತಿಳಿಯದಿರಲಿ, ಪಡೆದವನ ಹೆಸರು ಊರಿಗೆ ತಿಳಿಯದಿರಲಿ. ಹರಳಯ್ಯನ ಹೆಸರಿನಲ್ಲಿ ನಾವು ಮಾಡಬಹುದಾದ ಸ್ಮಾರಕಗಳಲ್ಲಿ ಕಲ್ಲಿನ ಮೂರ್ತಿಗಿಂತ ಇದು ಹೆಚ್ಚಿನದೆಂದು ನನಗೆ ತೋರುವುದು.

ಶರಣಬಂಧುಗಳೆ, ಸಾಲ ಮಾಡಿ ಯಾತ್ರೆ ಮಾಡಿರೆಂದು ಯಾವ ಶರಣರೂ ಹೇಳಿಲ್ಲ. ಹಿಂಗಾರಿ ಜೋಳದ ರಾಶಿ ಮುಗಿದು ಕೈಯಲ್ಲಿ ನಾಲ್ಕು ಕಾಸಿರುವ ಕಾಲದಲ್ಲಿ ಬರುವ ಈ ಹಬ್ಬವು ರೈತನ ಮನೆಯನ್ನು ಬಡ್ಡಿಗೆ ಒತ್ತೆಯಿಡುವಂತಾಗಬಾರದು. ಹೋಗಲಾರದ ವರ್ಷದಲ್ಲಿ ಮನೆಯಲ್ಲಿಯೇ ಲಿಂಗಪೂಜೆ ಮಾಡಿ, ದಾರಿಯಲ್ಲಿ ಹೋಗುವವರ ಕಾಲಿಗೆ ಎಣ್ಣೆ ಸವರಿ, ಬಿಸಿನೀರು ಹೊಯ್ದು ಕಳುಹಿಸಿದರೂ ಮಲ್ಲಯ್ಯನು ಒಲಿಯುವನು. ಹೋಗಬಲ್ಲ ವರ್ಷದಲ್ಲಿ ಕಾಲು ಗಟ್ಟಿಯಾಗಿರಲಿ, ಹೊರೆ ಹಗುರವಾಗಿರಲಿ, ಗಂಟಿನಲ್ಲಿ ಇನ್ನೊಬ್ಬನಿಗೆ ಕೊಡುವಷ್ಟು ಅಂಟುಪಟ್ಟಿಯೂ ಬೆಲ್ಲದ ಚೂರೂ ಇರಲಿ. ಬರಿಗೈಯಲ್ಲಿ ಹೊರಟ ಒಬ್ಬ ಬಾಲಕನು ದಾರಿಯಲ್ಲಿ ನಿಮ್ಮ ಜೊತೆಗೂಡಿದರೆ ಅವನಿಗೂ ಸಾಲುವಷ್ಟು ನಿಮ್ಮ ಪಾಥೇಯವಿರಲಿ.